ಸಹಕಾರಿಯ ಮಿತಿ: ಘಟ್ಟವೇರುವ ವಾಹನ ಮತ್ತು ಸಾಮರ್ಥ್ಯದ ಪ್ರಶ್ನೆ

ಒಂದು ವಸ್ತುವಿನ ಸಾಮರ್ಥ್ಯ ಆ ವಸ್ತುವಿನೊಳಗೇ ನೆಲೆಸಿರುತ್ತದೆಯೇ, ಅಥವಾ ಅದರೊಡನೆ ಬಂದು ಕೂಡುವ ಇತರ ಸಂಗತಿಗಳ ಕೂಟದಿಂದ ಹುಟ್ಟುತ್ತದೆಯೇ ಎಂಬ ಪ್ರಶ್ನೆಯನ್ನು ಭಾರತೀಯ ದಾರ್ಶನಿಕರು ಸಾವಿರ ವರ್ಷಗಳ ಹಿಂದೆಯೇ ಬಿಡಿಸಿ ಬಿಡಿಸಿ ವಾದಿಸಿದ್ದರು. ಮುಖ್ಯ ಕಾರಣದ ಜೊತೆಗೆ ನಿಂತು ಕಾರ್ಯ ಹುಟ್ಟಲು ನೆರವಾಗುವುದನ್ನು ಅವರು ಸಹಕಾರಿ ಕಾರಣವೆಂದು ಕರೆದರು. ಮೊಳಕೆಗೆ ಬೀಜ ಮುಖ್ಯ ಕಾರಣವಾದರೆ ಮಣ್ಣು, ನೀರು, ಹದವಾದ ಬಿಸಿ ಸಹಕಾರಿಗಳು. ಈ ಚರ್ಚೆ ಗ್ರಂಥಗಳೊಳಗೇ ಉಳಿಯಬೇಕಾದದ್ದೇನಲ್ಲ. ಡೀಸೆಲ್ ಪಿಕಪ್ ವಾಹನವೊಂದರ ಗೇರ್‌ಬಾಕ್ಸಿಗೆ ಹೆಚ್ಚುವರಿಯಾಗಿ ಒಂದು ಆಯಿಲ್ ಕೂಲರನ್ನು ಜೋಡಿಸುವುದೆಂಬ, ನೋಡಲು ಕೇವಲ ಗ್ಯಾರೇಜಿನದೆನಿಸುವ ಕೆಲಸದಲ್ಲಿ ಅದೇ ಪ್ರಶ್ನೆ ಕಬ್ಬಿಣ ಮತ್ತು ಎಣ್ಣೆಯ ರೂಪದಲ್ಲಿ ಎದುರಾಗುತ್ತದೆ.

ಪುಣೆಯಲ್ಲಿ ಈ ಎರಡು ಲೋಕಗಳು ಒಂದೇ ಗುಡ್ಡವನ್ನು ಹಂಚಿಕೊಂಡಿವೆ. ವೇತಾಳ ಟೇಕಡಿಯ ಒಂದು ಮಗ್ಗುಲಿನ ಬುಡದಲ್ಲಿ, ಲಾ ಕಾಲೇಜು ರಸ್ತೆಯ ಬದಿಗೆ, 1917ರಲ್ಲಿ ಆರಂಭವಾದ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವಿದೆ; ಕೋಥರೂಡಿನ ಕಡೆಯಿಂದ ಅದೇ ಗುಡ್ಡವನ್ನೇರಿದರೆ 1966ರಲ್ಲಿ ಸ್ಥಾಪನೆಯಾದ, ದೇಶದ ವಾಹನಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಎ.ಆರ್.ಎ.ಐ. ಸಂಸ್ಥೆಯಿದೆ. ಒಂದು ಕಡೆ ಕಾರಣವೆಂದರೇನು ಎಂದು ಕೇಳುವ ಹಸ್ತಪ್ರತಿಗಳು, ಇನ್ನೊಂದು ಕಡೆ ಯಂತ್ರವೊಂದು ಎಷ್ಟನ್ನು ತಾಳಬಲ್ಲದೆಂದು ಅಳೆಯುವ ಉಪಕರಣಗಳು. ಸೊಲ್ಲಾಪುರದಿಂದ ವಿಜಯಪುರಕ್ಕೆ ಹೋಗುವ ಹಾದಿಯಲ್ಲಿರುವ ಝಳಕಿಯ ಹೆಸರನ್ನು ಮನೆತನದ ಹೆಸರಾಗಿ ಹೊತ್ತ ಭೀಮಾಚಾರ್ಯ ಝಳಕೀಕರರು ರಚಿಸಿದ ‘ನ್ಯಾಯಕೋಶ’ವು ವಾಸುದೇವಶಾಸ್ತ್ರಿ ಅಭ್ಯಂಕರರ ಪರಿಷ್ಕರಣದೊಡನೆ 1928ರಲ್ಲಿ ಭಂಡಾರಕರ್ ಸಂಸ್ಥೆಯಿಂದಲೇ ಮರುಪ್ರಕಟವಾಯಿತು. ಕಾರಣಗಳ ಬಗೆಗಳನ್ನು ತಿಳಿಯಬಯಸುವವರು ಇಂದಿಗೂ ತೆರೆಯಬೇಕಾದ ಕೋಶವದು, ಮತ್ತು ಅದರ ಹಿಂದೆ ಕನ್ನಡ ನೆಲದ ಒಬ್ಬ ಪಂಡಿತರ ದೀರ್ಘ ಶ್ರಮವಿದೆ ಎಂಬುದನ್ನು ಕನ್ನಡಿಗರು ಹೆಚ್ಚು ನೆನೆಯುವುದಿಲ್ಲ.

ಮೊದಲು ಯಂತ್ರದ ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಪುಣೆಯ ಸುತ್ತ ಓಡಾಡುವ ಬಹುಪಾಲು ಪಿಕಪ್‌ಗಳಲ್ಲಿ ಗೇರನ್ನು ಚಾಲಕನೇ ಬದಲಿಸುತ್ತಾನೆ. ಅಲ್ಲಿ ಹಲ್ಲುಚಕ್ರಗಳು ಎರಚುವ ಎಣ್ಣೆಯೇ ಸಾಕಾಗುವುದರಿಂದ ಬೇರೆ ಕೂಲರಿನ ಮಾತು ಸಾಮಾನ್ಯವಾಗಿ ಏಳುವುದಿಲ್ಲ. ಟೊಯೋಟಾ ಹೈಲಕ್ಸ್, ಇಸುಜು ವಿ-ಕ್ರಾಸ್‌ನಂತಹ ವಾಹನಗಳ ಆಟೊಮ್ಯಾಟಿಕ್ ಮಾದರಿಗಳಲ್ಲಿ ಮಾತ್ರ ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ ಟಾರ್ಕ್ ಕನ್ವರ್ಟರ್ ಎಂಬ ಭಾಗವಿರುತ್ತದೆ. ಎಂಜಿನ್ ತಿರುಗಿಸುವ ಒಂದು ಚಕ್ರ ಎಣ್ಣೆಯನ್ನು ಬೀಸಿ ಎಸೆಯುತ್ತದೆ, ಎದುರಿಗಿರುವ ಇನ್ನೊಂದು ಚಕ್ರ ಆ ಎಣ್ಣೆಯ ಹೊಡೆತಕ್ಕೆ ತಿರುಗಿ ಶಕ್ತಿಯನ್ನು ಗೇರುಗಳಿಗೆ ದಾಟಿಸುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ ವೇಗ ಹಿಡಿದ ಮೇಲೆ ಎರಡೂ ಚಕ್ರಗಳನ್ನು ಒಂದು ಕ್ಲಚ್ಚು ಬಿಗಿದು ಕಟ್ಟುವುದರಿಂದ ನಷ್ಟ ಕಡಿಮೆ. ತುಂಬಿದ ಗಾಡಿ ಖಂಬಾಟಕಿ ಘಟ್ಟವನ್ನೋ ಖೋಪೋಲಿಯಿಂದ ಖಂಡಾಳೆಗೆ ಸುಮಾರು ಐನೂರು ಮೀಟರ್ ಎತ್ತರವೇರುವ ಬೋರ್ ಘಟ್ಟವನ್ನೋ ನಿಧಾನವಾಗಿ ಹತ್ತುವಾಗ ಆ ಬಿಗಿತ ಸಡಿಲುತ್ತದೆ. ಒಂದು ಚಕ್ರ ವೇಗವಾಗಿ, ಇನ್ನೊಂದು ನಿಧಾನವಾಗಿ ತಿರುಗಿ, ನಡುವಿನ ಅಂತರವೆಲ್ಲ ಎಣ್ಣೆಯೊಳಗೆ ಬಿಸಿಯಾಗಿ ಸೇರುತ್ತದೆ. 100 ಕಿಲೊವ್ಯಾಟ್ ಶಕ್ತಿ ಒಳಹೊಕ್ಕು 85 ಮಾತ್ರ ಆಚೆಗೆ ಬಂದರೆ ಉಳಿದ 15 ಕಿಲೊವ್ಯಾಟ್, ಅಂದರೆ ಏಳೆಂಟು ಮನೆಗಳ ಸ್ನಾನದ ಗೀಸರುಗಳು ಒಟ್ಟಿಗೆ ಉರಿಯುವಷ್ಟು ಶಾಖ, ಕೆಲವೇ ಲೀಟರ್ ಎಣ್ಣೆಯ ಪಾಲಾಗುತ್ತದೆ.

ಈ ಎಣ್ಣೆ ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೆಮ್ಮದಿಯಾಗಿ ಕೆಲಸ ಮಾಡುತ್ತದೆ; 120ನ್ನು ದಾಟಿದರೆ ಗಾಳಿಯ ಆಮ್ಲಜನಕದೊಡನೆ ಬೆರೆತು ಬೇಗ ಕೆಡುತ್ತದೆ, ಕಪ್ಪಾಗುತ್ತದೆ, ಸುಟ್ಟ ವಾಸನೆ ಹೊಡೆಯುತ್ತದೆ. ಪ್ರತಿ ಹತ್ತು ಡಿಗ್ರಿ ಏರಿಕೆಗೆ ಅದರ ಆಯುಷ್ಯ ಅರ್ಧಕ್ಕಿಳಿಯುತ್ತದೆಂಬುದು ವೃತ್ತಿಯವರು ಬಳಸುವ ಸ್ಥೂಲ ಲೆಕ್ಕ. ಅನೇಕ ವಾಹನಗಳಲ್ಲಿ ಕಂಪನಿಯೇ ಕೊಟ್ಟ ಕೂಲರು ರೇಡಿಯೇಟರಿನ ತೊಟ್ಟಿಯೊಳಗಿದ್ದು, 90 ಡಿಗ್ರಿಯ ಆಸುಪಾಸಿನ ಕೂಲಂಟಿಗೆ ತನ್ನ ಶಾಖವನ್ನು ಒಪ್ಪಿಸುತ್ತದೆ. ಕೂಲಂಟಿಗಿಂತ ತಣ್ಣಗಾಗಲು ಎಣ್ಣೆಗೆ ದಾರಿಯಿಲ್ಲ. ಹೆಚ್ಚುವರಿ ಕೂಲರೆಂದರೆ ರೇಡಿಯೇಟರಿನ ಮುಂದೆ ಗಾಳಿಗೆ ಮುಖಮಾಡಿ ಕೂರಿಸಿದ, ತೆಳು ತಗಡುಗಳ ನಡುವೆ ಎಣ್ಣೆಯ ಕೊಳವೆಗಳು ಹರಿಯುವ ಒಂದು ಚೌಕಟ್ಟು. ಮೊದಲ ಕೂಲರಿನಿಂದ ಹೊರಬಂದ ಎಣ್ಣೆ ಇದರೊಳಗೆ ಸುತ್ತಿ ಗೇರ್‌ಬಾಕ್ಸಿಗೆ ಮರಳುತ್ತದೆ.

ಈಗ ಪ್ರಶ್ನೆ. ಕೂಲರು ಬೇಕಾಯಿತೆಂದರೆ ವಾಹನ ಅಸಮರ್ಥವಾಗಿತ್ತೆಂದು ಅರ್ಥವೇ? ಕೂಲರು ಬಂದ ಮೇಲೆ ಅದು ಸಮರ್ಥವಾಯಿತೆಂದರೆ ಸಾಮರ್ಥ್ಯ ಯಾರದು?

ಹನ್ನೊಂದನೆಯ ಶತಮಾನದಲ್ಲಿ ವಿಕ್ರಮಶಿಲೆಯ ಬೌದ್ಧ ಪಂಡಿತರಾದ ಜ್ಞಾನಶ್ರೀಮಿತ್ರ ಮತ್ತು ಅವನ ಶಿಷ್ಯ ರತ್ನಕೀರ್ತಿ ಇದನ್ನು ಅತ್ಯಂತ ನಿಷ್ಠುರವಾಗಿ ಕೇಳಿದರು. ಅವರ ಪ್ರಕಾರ ಇರುವುದೆಂದರೆ ಕಾರ್ಯವನ್ನು ಉಂಟುಮಾಡುವುದು, ಸಮರ್ಥವಾದದ್ದು ತಡಮಾಡುವುದಿಲ್ಲ. ಕಣಜದಲ್ಲಿರುವ ಬೀಜಕ್ಕೆ ಮೊಳೆಯುವ ಸಾಮರ್ಥ್ಯವಿದ್ದರೆ ಅದು ಅಲ್ಲಿಯೇ ಮೊಳೆಯಬೇಕಿತ್ತು. ಇಲ್ಲದಿದ್ದರೆ, ಸ್ವಭಾವ ಬದಲಾಗದೆ ಹೊಲದಲ್ಲಿಯೂ ಅದು ಮೊಳೆಯಲಾರದು. ನೀರು ಮತ್ತು ಮಣ್ಣು ಬೀಜದಲ್ಲಿ ಏನಾದರೊಂದು ವಿಶೇಷವನ್ನು ಹುಟ್ಟಿಸುತ್ತವೆಂದರೆ, ಆ ವಿಶೇಷ ಬೀಜಕ್ಕಿಂತ ಬೇರೆಯಾಗಿದ್ದಲ್ಲಿ ಅದೇ ಕಾರಣವಾಗಿ ಬೀಜ ನಿರುಪಯೋಗವಾಗುತ್ತದೆ, ಬೇರೆಯಲ್ಲದಿದ್ದಲ್ಲಿ ಹೊಸ ಬೀಜವೊಂದು ಹುಟ್ಟಿತೆಂದೇ ಒಪ್ಪಬೇಕಾಗುತ್ತದೆ. ಆದ್ದರಿಂದ ಕಣಜದ ಬೀಜವೇ ಬೇರೆ, ಹೊಲದ ಬೀಜವೇ ಬೇರೆ. ಪ್ರತಿಯೊಂದು ವಸ್ತುವೂ ಕ್ಷಣಿಕ. ಕಾರ್ಯ ಮಾಡುವ ಕ್ಷಣದಲ್ಲಿ ವಸ್ತು ತಾಳುವ ರೂಪವನ್ನು ಅವರು ಕುರ್ವದ್ರೂಪವೆಂದರು.

ಇದು ಕೇವಲ ತರ್ಕದ ಕಸರತ್ತೆಂದು ತಳ್ಳಿಹಾಕುವವರು ಘಟ್ಟದ ತುದಿಯಲ್ಲಿ ಗೇರ್‌ಬಾಕ್ಸಿನ ಎಣ್ಣೆಯನ್ನು ಪರೀಕ್ಷಿಸಿ ನೋಡಬೇಕು. ಬುಡದಲ್ಲಿ ಹೊರಟ ವಾಹನವೇ ತುದಿಗೆ ಬಂದಿತೆಂದು ಹೇಳುವುದು ಅಷ್ಟು ಸುಲಭವಲ್ಲ. ಅತಿಯಾಗಿ ಕಾದು ಕೆಟ್ಟ ಎಣ್ಣೆ ತಣ್ಣಗಾದ ಮಾತ್ರಕ್ಕೆ ಮೊದಲಿನಂತಾಗುವುದಿಲ್ಲ, ಕ್ಲಚ್ಚಿನ ಫಲಕಗಳ ಸುಟ್ಟ ಮೈ ಮರಳಿ ಬರುವುದಿಲ್ಲ. ಪ್ರತಿ ಏರಿಕೆಯೂ ಬೇರೊಂದು ವಾಹನವನ್ನು ಕೆಳಗಿಳಿಸುತ್ತದೆ. ‘ಈ ಗಾಡಿ ಇಷ್ಟು ಎಳೆಯುತ್ತದೆ’ ಎಂದು ಎಂದೋ ಒಮ್ಮೆ ನಡೆದದ್ದನ್ನು ನಿತ್ಯಸ್ವಭಾವವೆಂಬಂತೆ ಹೇಳುವ ಮಾಲಿಕನಿಗೆ ಬೌದ್ಧರ ವಾದ ಕೊಡುವ ಎಚ್ಚರಿಕೆ ನಿಜಕ್ಕೂ ಬೆಲೆಯುಳ್ಳದ್ದು.

ಆದರೂ ಉತ್ತರ ಬಂದದ್ದು ಮಿಥಿಲೆಯ ನೈಯಾಯಿಕ, ಅಂದರೆ ನ್ಯಾಯದರ್ಶನದ ಪಂಡಿತ, ಉದಯನನಿಂದ. ಬೌದ್ಧಧಿಕ್ಕಾರವೆಂದೂ ಹೆಸರಾದ ‘ಆತ್ಮತತ್ತ್ವವಿವೇಕ’ದಲ್ಲಿ ಅವನು ಕ್ಷಣಿಕವಾದವನ್ನು ಎದುರಿಸಿದ ಬಗೆಯನ್ನು ನ್ಯಾಯದ ಪರಿಭಾಷೆ ಎರಡು ಪದಗಳಲ್ಲಿ ಉಳಿಸಿಕೊಂಡಿದೆ. ಸಾಮರ್ಥ್ಯವೆಂಬ ಒಂದೇ ಮಾತು ಎರಡನ್ನು ಮರೆಮಾಡುತ್ತದೆ: ಒಂದು ಸ್ವರೂಪಯೋಗ್ಯತೆ, ಅಂದರೆ ಆ ಕಾರ್ಯಕ್ಕೆ ತಕ್ಕ ಜಾತಿಯ ವಸ್ತುವಾಗಿರುವುದು; ಇನ್ನೊಂದು ಫಲೋಪಧಾಯಕತೆ, ಅಂದರೆ ಸಹಕಾರಿಗಳೆಲ್ಲ ಕೂಡಿಬಂದು ಫಲವನ್ನು ಕೊಡುತ್ತಿರುವುದು. ಕಣಜದ ಬೀಜಕ್ಕೆ ಮೊದಲನೆಯದಿದೆ, ಎರಡನೆಯದಿಲ್ಲ. ಕಲ್ಲಿಗೆ ಮೊದಲನೆಯದೇ ಇಲ್ಲ. ಎಷ್ಟು ನೀರೆರೆದರೂ ಅದು ಚಿಗುರುವುದಿಲ್ಲ. ಯೋಗ್ಯತೆಯುಳ್ಳ ವಸ್ತು ತಡಮಾಡಿದರೆ ಅದಕ್ಕೆ ಸಹಕಾರಿಯ ಕೊರತೆ ಕಾರಣವೇ ಹೊರತು ಸ್ವಭಾವದ ಕೊರತೆಯಲ್ಲ.

ಈ ಭೇದವೇ ಕೂಲರಿನ ನಿಜವಾದ ಸ್ಥಾನವನ್ನು ತೋರಿಸುತ್ತದೆ. ತಾನು ಹೊರಬಹುದೆಂದು ನೋಂದಣಿ ಪತ್ರದಲ್ಲಿ ಬರೆದಿರುವ ತೂಕವನ್ನು ಹೊತ್ತು ಬೇಸಗೆಯ ಮಧ್ಯಾಹ್ನ ಘಟ್ಟವೇರುವ ವಾಹನಕ್ಕೆ ಯೋಗ್ಯತೆಯಿದೆ, ಗಾಳಿ ಸಾಲದು. ಕೂಲರು ಆ ಗಾಳಿಯನ್ನು ಒದಗಿಸುತ್ತದೆ. ಪಾಸಿಂಗ್‌ಗಿಂತ, ಅಂದರೆ ಆ ಪತ್ರದಲ್ಲಿ ಬರೆದ ತೂಕಕ್ಕಿಂತ, ಹೆಚ್ಚು ಲೋಡು ಹೊರುವ ಯೋಗ್ಯತೆಯಾದರೋ ಚಾಸಿ, ಆಕ್ಸಲ್, ಟಯರು, ಬ್ರೇಕುಗಳ ಮಾತು. ಅದನ್ನು ಕೂಲರು ಕೊಡಲಾರದು. ಎಣ್ಣೆಯ ಬಿಸಿ ಇಳಿಯಿತೆಂದು ಹೆಚ್ಚು ಹೇರುವವನು ಸಹಕಾರಿಯನ್ನು ಸ್ವರೂಪವೆಂದು ಭ್ರಮಿಸುತ್ತಾನೆ. ಈ ಭ್ರಮೆಗೆ ಬೆಲೆ ತೆರುವವರು ಅವನೊಬ್ಬನೇ ಅಲ್ಲವಾದ್ದರಿಂದ ಇದು ಜ್ಞಾನದ ದೋಷವಾಗಿ ಉಳಿಯದೆ ಧರ್ಮದ ದೋಷವಾಗುತ್ತದೆ. ಕಾತ್ರಜದ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರನ್ನು ಪುಣೆಯವರಿಗೆ ಪರಿಚಯಿಸಬೇಕಿಲ್ಲ; 2022ರ ನವೆಂಬರ್ 20ರ ರಾತ್ರಿ ಅಲ್ಲಿ ಹತೋಟಿ ತಪ್ಪಿದ ಒಂದು ಭಾರಿ ವಾಹನದಿಂದಾಗಿ ಸುಮಾರು 48 ವಾಹನಗಳು ಜಖಂಗೊಂಡವು. ಏರುವಾಗ ಗೇರ್‌ಬಾಕ್ಸು ತಾಳಿತೆಂಬುದು ಇಳಿಯುವಾಗ ಬ್ರೇಕು ತಾಳುತ್ತದೆಂಬುದಕ್ಕೆ ಪ್ರಮಾಣವಲ್ಲ, ಮತ್ತು ಕೆಳಗೆ ಸಿಗ್ನಲ್ಲಿನಲ್ಲಿ ನಿಂತಿರುವ ಸ್ಕೂಟರಿನವರಿಗೆ ಮೇಲಿನ ವಾಹನದ ಎಣ್ಣೆ ಎಷ್ಟು ತಂಪಾಗಿದೆ ಎಂಬುದರಿಂದ ಯಾವ ರಕ್ಷಣೆಯೂ ಇಲ್ಲ.

ಕಾನೂನು ಕೂಡ ಇದೇ ಭೇದವನ್ನು ತನ್ನ ರೀತಿಯಲ್ಲಿ ಕಾಯುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕನ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ ಬಳಿಕ ಮಿತಿಮೀರಿದ ಲೋಡಿಗೆ 20,000 ರೂಪಾಯಿ ಮತ್ತು ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ.

ಮೀಮಾಂಸಕರ ವಿಚಾರ ಇಲ್ಲಿ ಇನ್ನೂ ಹರಿತವಾಗಿ ನೆರವಿಗೆ ಬರುತ್ತದೆ. ವೇದವಾಕ್ಯಗಳ ಅರ್ಥನಿರ್ಣಯಕ್ಕೆ ಮೀಸಲಾದ ಈ ದರ್ಶನ, ಯಾಗವೊಂದರಲ್ಲಿ ಯಾವುದು ಪ್ರಧಾನ, ಯಾವುದು ಅದಕ್ಕಾಗಿ ಇರುವ ಅಂಗ ಎಂಬುದನ್ನು ನಿರ್ಧರಿಸುವುದಕ್ಕೆ ಜೈಮಿನಿಸೂತ್ರಗಳ ಮೂರನೆಯ ಅಧ್ಯಾಯವನ್ನೇ ಮುಡಿಪಾಗಿಟ್ಟಿದೆ. ಅದರ ಪ್ರಕಾರ ಅಂಗವೆಂದರೆ ಪರಾರ್ಥವಾದದ್ದು, ಮತ್ತೊಂದಕ್ಕಾಗಿಯೇ ಇರುವುದು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನಡೆಯುವ ದರ್ಶಪೂರ್ಣಮಾಸಗಳಲ್ಲಿ ಪ್ರಯಾಜಗಳೆಂಬ ಐದು ಆಹುತಿಗಳು ಹೀಗೆ ಅಂಗಗಳು. ಅವುಗಳಿಗೆ ತಮ್ಮದೇ ಪ್ರತ್ಯೇಕ ಫಲವಿಲ್ಲ, ಪ್ರಧಾನದ ಫಲವೇ ಅವುಗಳ ಸಾರ್ಥಕತೆ. ಕೂಲರನ್ನು ಹಾಕಿಸಿ ಅದರಿಂದ ಹೆಚ್ಚುವರಿ ಲೋಡೆಂಬ ಬೇರೊಂದು ಫಲವನ್ನು ಬಯಸುವುದು ಅಂಗದಿಂದ ಸ್ವತಂತ್ರ ಫಲವನ್ನು ಬೇಡಿದಂತೆ. ಖಂಡೇನವಮಿಯಂದು ಪುಣೆಯ ಗ್ಯಾರೇಜುಗಳಲ್ಲಿ ವಾಹನಗಳಿಗೆ ಚೆಂಡುಹೂವಿನ ಹಾರ ಹಾಕಿ ಕೈಮುಗಿಯುವ ಶ್ರದ್ಧೆ ಪೂರ್ಣವಾಗುವುದು, ಮರುದಿನ ಅದೇ ವಾಹನದ ಮಿತಿಯನ್ನು ಗೌರವಿಸಿದಾಗಲೇ.

ಇನ್ನು ಕೂಲರು ಶಾಖವನ್ನು ಇಲ್ಲವಾಗಿಸುವುದಿಲ್ಲವೆಂಬುದೂ ಗಮನಕ್ಕೆ ಬರಬೇಕು. ಅದು ಎಣ್ಣೆಯಿಂದ ತೆಗೆದ ಬಿಸಿಯನ್ನು ರಸ್ತೆಯ ಗಾಳಿಗೆ ದಾಟಿಸುತ್ತದೆ, ಅಷ್ಟೇ ಅಲ್ಲದೆ ಹಿಂದಿರುವ ರೇಡಿಯೇಟರಿಗೆ ತುಸು ಬೆಚ್ಚಗಿನ ಗಾಳಿಯನ್ನು ಬಿಟ್ಟುಕೊಡುತ್ತದೆ. ಇಂತಹ ಅರೆ ಪರಿಹಾರದ ಮಿತಿ ಹಳೆಯ ಚರ್ಚೆ: ಈಶ್ವರಕೃಷ್ಣನ ಸಾಂಖ್ಯಕಾರಿಕೆಯ ಮೊದಲ ಮಾತೇ ಕಣ್ಣಿಗೆ ಕಾಣುವ ಉಪಾಯಗಳು ದುಃಖವನ್ನು ಖಚಿತವಾಗಿಯೂ ಶಾಶ್ವತವಾಗಿಯೂ ನೀಗಿಸಲಾರವೆಂಬ ವಿಚಾರ. ಆದರೆ ಅವನ ಈ ಮಾತಿನಿಂದ ದೃಷ್ಟೋಪಾಯಗಳೇ ಬೇಡವೆಂಬ ತೀರ್ಮಾನ ಹುಟ್ಟುವುದಿಲ್ಲ. ಜ್ವರ ಮತ್ತೆ ಬರಬಹುದೆಂದು ಔಷಧಿಯನ್ನು ಯಾರೂ ಬಿಡುವುದಿಲ್ಲ.

ಸಹಕಾರಿ ಎಲ್ಲಿಯವರೆಗೆ ಇರಬೇಕು ಎಂಬುದು ಕೊನೆಯ ಪ್ರಶ್ನೆ, ಮತ್ತು ಬೋರ್ ಘಟ್ಟದ ರೈಲುಮಾರ್ಗ ಅದಕ್ಕೆ ಬಹುಕಾಲದಿಂದ ಉತ್ತರ ಕೊಡುತ್ತ ಬಂದಿದೆ. 1863ರಲ್ಲಿ ತೆರೆದ ಈ ಮಾರ್ಗದಲ್ಲಿ 37 ಅಡಿಗೆ ಒಂದು ಅಡಿ ಏರುವಷ್ಟು ಕಡಿದಾದ ಭಾಗಗಳಿರುವುದರಿಂದ, ಪುಣೆಯತ್ತ ಬರುವ ಅನೇಕ ರೈಲುಗಳ ಹಿಂಬದಿಗೆ ಕರ್ಜತ್‌ನಲ್ಲಿ ಬ್ಯಾಂಕರ್ ಎಂಬ ಹೆಚ್ಚುವರಿ ಎಂಜಿನುಗಳನ್ನು ಸೇರಿಸಿ ತಳ್ಳಿಸುತ್ತಾರೆ. ಲೋಣಾವಳಾ ತಲುಪಿದೊಡನೆ ಅವುಗಳನ್ನು ಬಿಡಿಸುತ್ತಾರೆ. ಮೀಮಾಂಸೆಯ ಹತ್ತನೆಯ ಅಧ್ಯಾಯ ಇಂತಹ ಬಿಡುವಿಕೆಯನ್ನು ಬಾಧವೆಂದು ಕರೆದು ವಿವರಿಸುತ್ತದೆ. ಯಾಗದ ಧಾನ್ಯವನ್ನು ಕುಟ್ಟುವುದು ಹೊಟ್ಟು ತೆಗೆಯಲಿಕ್ಕಾಗಿ; ಧಾನ್ಯದ ಬದಲು ಕೃಷ್ಣಲಗಳೆಂಬ ಬಂಗಾರದ ಕಾಳುಗಳನ್ನು ಬೇಯಿಸುವ ವಿಧಿಯಲ್ಲಿ ಹೊಟ್ಟೇ ಇಲ್ಲದಿರುವುದರಿಂದ ಕುಟ್ಟುವ ಕ್ರಿಯೆ ತಾನಾಗಿ ಬಿದ್ದುಹೋಗುತ್ತದೆ.

ಕೂಲರಿಗೂ ಇದೇ ನಿಯಮ. ಡಿಸೆಂಬರಿನ ಮುಂಜಾನೆ ಪುಣೆಯ ಚಳಿ ಹತ್ತು ಡಿಗ್ರಿಯ ಕೆಳಗಿಳಿದಿರುವಾಗ, ಖಾಲಿ ಗಾಡಿ ಸಮತಟ್ಟಾದ ಸೊಲ್ಲಾಪುರದ ರಸ್ತೆ ಹಿಡಿದಾಗ, ಎಣ್ಣೆಗೆ ಬೇಕಾದದ್ದು ತಂಪಲ್ಲ, ಬಿಸಿ. ತಣ್ಣನೆಯ ಮಂದ ಎಣ್ಣೆಯಿಂದ ಗೇರುಗಳು ಎಳೆದಾಡುತ್ತವೆ, ಡೀಸೆಲ್ ಹೆಚ್ಚು ಸುಡುತ್ತದೆ. ಆದ್ದರಿಂದ ಬಲ್ಲ ಮೆಕ್ಯಾನಿಕರು ಹೆಚ್ಚುವರಿ ಕೂಲರಿನ ದಾರಿಯಲ್ಲಿ ಥರ್ಮೋಸ್ಟ್ಯಾಟ್ ಕವಾಟವೊಂದನ್ನು ಕೂರಿಸುತ್ತಾರೆ: ಎಣ್ಣೆ ನಿಗದಿತ ಬಿಸಿಯನ್ನು ಮುಟ್ಟುವವರೆಗೆ ಅದರೊಳಗಿನ ಮೇಣ ಗಟ್ಟಿಯಾಗಿಯೇ ಇದ್ದು ಎಣ್ಣೆಯನ್ನು ಕೂಲರಿಗೆ ಹೋಗಗೊಡದೆ ನೇರವಾಗಿ ಗೇರ್‌ಬಾಕ್ಸಿಗೆ ಹಿಂದಿರುಗಿಸುತ್ತದೆ, ಘಟ್ಟ ಆರಂಭವಾಗಿ ಬಿಸಿಯೇರಿದಾಗ ಮೇಣ ಕರಗಿ ಹಿಗ್ಗಿ ಕೂಲರಿನ ದಾರಿಯನ್ನು ತೆರೆಯುತ್ತದೆ.