ಹೂಣಿಟ್ಟ ತಲಾಂತು

ಪ್ರಿಯ ಸಭೆಯವರೇ, ಒಂದು ತಲಾಂತನ್ನು ಹೊಂದಿದ ಆಳಿನ ಸಂಗತಿಯನ್ನು ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ನಾವೆಲ್ಲರೂ ಓದಿ ಬಲ್ಲೆವು. ಅವನು ಅದನ್ನು ಕದಿಯಲಿಲ್ಲ, ಕಳೆಯಲೂ ಇಲ್ಲ. ನೆಲವನ್ನು ಅಗೆದು ಬಚ್ಚಿಟ್ಟನು. ಆದಾಗ್ಯೂ ಯಜಮಾನನು ಅವನನ್ನು ಗದರಿಸಿದನು. ದೇವರು ಕೊಟ್ಟ ವರವನ್ನು ಬಳಸದಿರುವದೂ ಪಾಪವೇ ಎಂಬದು ಇದರಿಂದ ನಮಗೆ ತಿಳಿಯುತ್ತದೆ.

ವರವು ಬೀಜದ ಹಾಗಿದೆ. ರಾಗಿಯ ಕಾಳಿನಲ್ಲಿ ಜೀವವನ್ನಿಟ್ಟವನು ದೇವರು. ಆದರೂ ಉಳದ ಹೊಲದಲ್ಲಿ ತೆನೆಯನ್ನು ಕೊಯ್ದವರುಂಟೋ? ಹಾಗೆಯೇ ಒಬ್ಬ ಹುಡುಗನಿಗೆ ಇಂಪಾದ ಕಂಠವೂ, ಒಬ್ಬ ಹುಡುಗಿಗೆ ಚುರುಕಾದ ಜ್ಞಾಪಕಶಕ್ತಿಯೂ, ಮತ್ತೊಬ್ಬನಿಗೆ ಕೈಕೆಲಸದ ಜಾಣತನವೂ ಹುಟ್ಟಿನಿಂದಲೇ ಬಂದಿರುವವು. ದಿನದಿನದ ಅಭ್ಯಾಸವಿಲ್ಲದೆ ಇವು ಸಾಮರ್ಥ್ಯವಾಗಿ ಬೆಳೆಯವು.

ಇದಕ್ಕೆ ದೃಷ್ಟಾಂತವಾಗಿ ವಿಲ್ಯಂ ಕೇರಿಯವರ ಯೌವನವನ್ನು ನೋಡೋಣ. ಇವರು 1761ರಲ್ಲಿ ಇಂಗ್ಲೆಂಡ್ ದೇಶದ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ ನೇಕಾರನೊಬ್ಬನ ಮಗನಾಗಿ ಹುಟ್ಟಿದರು. ಹದಿಹರೆಯದಲ್ಲಿ ಜೋಡು ಹೊಲಿಯುವ ಕೆಲಸವನ್ನು ಕಲಿಯಲು ಸೇರಿದರು. ಆ ಅಂಗಡಿಯಲ್ಲಿದ್ದ ವೇದವ್ಯಾಖ್ಯಾನದ ಪುಸ್ತಕದಲ್ಲಿ ಗ್ರೀಕ್ ಮಾತುಗಳು ಕಣ್ಣಿಗೆ ಬೀಳಲು, ತಿಳಿಯದೆಂದು ಪುಸ್ತಕವನ್ನು ಮುಚ್ಚದೆ, ಅವನ್ನು ಬರೆದುಕೊಂಡು, ಸ್ವಂತ ಊರಿನಲ್ಲಿ ವಿದ್ಯೆ ಬಲ್ಲ ಮತ್ತೊಬ್ಬ ನೇಕಾರನ ಬಳಿಗೆ ಒಯ್ದು ಅರ್ಥ ಕೇಳಿದರು. ಅವನು ಹೇಳಿಕೊಟ್ಟನು. ಹೀಗೆ ಆರಂಭವಾದ ಕಲಿಕೆಯು ಲತೀನ್, ಇಬ್ರಿಯ ಭಾಷೆಗಳ ವರೆಗೂ ಹಬ್ಬಿತು. 1793ರಲ್ಲಿ ಭಾರತಕ್ಕೆ ಬಂದ ಅವರು 1801ರಲ್ಲಿ ಹೊಸ ಒಡಂಬಡಿಕೆಯನ್ನು ಬಂಗಾಳಿಯಲ್ಲಿ ಪ್ರಕಟಿಸಿದರು. ನಮ್ಮ ಕನ್ನಡ ಭಾಷೆಯ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ರಚಿಸಿ, 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚುಹಾಕಿಸಿದರು. ಆದರೆ ಅವರು ತಮ್ಮ ಬುದ್ಧಿಯನ್ನು ಹೊಗಳಿಕೊಳ್ಳಲಿಲ್ಲ. ಹಿಡಿದ ಕೆಲಸವನ್ನು ಬಿಡದೆ ಸಾಗಿಸುವದೊಂದೇ ತಮಗೆ ಬರುತ್ತದೆಂದು ಹೇಳಿದರು.

ಪ್ರಿಯರೇ, ಆ ನೇಕಾರನು ಹುಡುಗನನ್ನು ಹಿಂದಕ್ಕೆ ಅಟ್ಟಿದ್ದರೆ ಏನಾಗುತ್ತಿತ್ತು? ನಮ್ಮ ಮಗಳು ಇನ್ನೂ ಓದಬೇಕೆಂದು ಬೇಡುವಾಗ, ಅದು ನಿನಗೇಕೆ ಎಂದು ನಾವು ಬಾಯಿಮುಚ್ಚಿಸಿದರೆ, ನಾವೇ ಗುದ್ದಲಿ ಹಿಡಿದು ಅವಳ ತಲಾಂತನ್ನು ಹೂಣಿಟ್ಟಂತಾಯಿತು. ಸಭೆಯ ಹಿರಿಯರೇ, ಆರಾಧನೆಯಲ್ಲಿ ತಡವರಿಸಿ ಓದುವ ಹುಡುಗನನ್ನು ಕಂಡು ನಗಬೇಡಿರಿ. ಶನಿವಾರ ಸಾಯಂಕಾಲ ಹತ್ತಿರ ಕೂಡ್ರಿಸಿಕೊಂಡು ಅದೇ ಪಾಠವನ್ನು ಓದಿಸಿರಿ. ಯೌವನಸ್ಥರೇ, ನಿಮ್ಮ ವರವು ಚಿಕ್ಕದೆಂದು ಕುಗ್ಗಬೇಡಿರಿ, ದೊಡ್ಡದೆಂದು ಉಬ್ಬಲೂಬೇಡಿರಿ. ಅದು ನಿಮ್ಮ ಸ್ವಂತ ಸೊತ್ತಲ್ಲ; ಕರ್ತನು ನಂಬಿ ಒಪ್ಪಿಸಿದ ಬಂಡವಾಳವು. ಆತನು ಲೆಕ್ಕ ಕೇಳುವ ದಿನದಲ್ಲಿ ನಮ್ಮ ಕೈಗಳಲ್ಲಿ ಮಣ್ಣಲ್ಲ, ಫಲವೇ ಕಾಣಿಸಲಿ. ಇದಕ್ಕೆ ಬೇಕಾದ ಕೃಪೆಯನ್ನು ಆತನು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.