ದಾರಿಯ ಹಕ್ಕು

ಮಳೆಗಾಲ ಬಂತೆಂದರೆ ನಮ್ಮ ಕೊಡಗಿನಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಒಂದು, ‘ಬರೆ ಕುಸಿಯಿತು’ ಎಂಬುದು. ಇನ್ನೊಂದು, ‘ಪ್ರಕೃತಿ ವಿಕೋಪ’ ಎಂಬುದು. ಮೊದಲನೆಯದು ಕಣ್ಣಿಗೆ ಕಂಡ ಸಂಗತಿ. ಎರಡನೆಯದು ಅದಕ್ಕೆ ನಾವು ಕೊಡುವ ಅರ್ಥ. ಕನ್ನಡ ಪಾಠ ಹೇಳುವ ನನಗೆ ಈ ಎರಡನೆಯ ಮಾತಿನ ಮೇಲೆ ಈಚೆಗೆ ಸಂಶಯ ಹುಟ್ಟಿದೆ. ಕೋಪವೆಂಬುದು ಉದ್ದೇಶವುಳ್ಳವರ ಗುಣ. ಅರಬ್ಬೀ ಸಮುದ್ರದ ತೇವವನ್ನು ಹೊತ್ತ ಗಾಳಿ ನಮ್ಮ ಘಟ್ಟಕ್ಕೆ ತಾಗುತ್ತದೆ, ಮೇಲೇರುತ್ತದೆ, ತಣ್ಣಗಾಗಿ ಮಳೆಯಾಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಆ ಗಾಳಿ ಇನ್ನಷ್ಟು ಬಲಿಯುತ್ತದೆ. ಇದರಲ್ಲಿ ಕೋಪವೆಲ್ಲಿ ಬಂತು? ಇಲ್ಲದ ಕೋಪವನ್ನು ಮಳೆಯ ಮೇಲೆ ಹೊರಿಸುವುದರಿಂದ ಯಾರಿಗೆ ಅನುಕೂಲ?

2018ರ ಆಗಸ್ಟ್ ತಿಂಗಳನ್ನು ಕೊಡಗಿನವರು ಯಾರೂ ಮರೆತಿಲ್ಲ. ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹಟ್ಟಿಹೊಳೆ – ಅಲ್ಲಿಯವರೆಗೆ ಹೊರಗಿನವರು ಕೇಳದಿದ್ದ ಈ ಹೆಸರುಗಳು ಒಂದೇ ವಾರದಲ್ಲಿ ನಾಡಿಗೆಲ್ಲ ಪರಿಚಯವಾದವು. ಮನೆ, ತೋಟ, ಗದ್ದೆ, ರಸ್ತೆ ಒಂದಾಗಿ ಕೆಂಪು ಕೆಸರಿನಲ್ಲಿ ಹರಿದುವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಜರಿದು ಅರ್ಚಕರ ಮನೆಯನ್ನು ಮುಚ್ಚಿತು.

ಆಗ ಕೆಲವರು, “ಇದು ಕೋಪವಲ್ಲ, ಶಿಕ್ಷೆ, ನಾವು ಮಾಡಿದುದಕ್ಕೆ ಪ್ರಕೃತಿ ಕೊಟ್ಟ ದಂಡನೆ” ಎಂದರು. ಈ ಮಾತಿನಲ್ಲಿ ವಿನಯವಿದೆ, ಆದರೆ ನ್ಯಾಯವಿಲ್ಲ. ಶಿಕ್ಷೆಯೆಂದರೆ ತಪ್ಪಿತಸ್ಥನಿಗೆ ಆಗಬೇಕು. ಇಳಿಜಾರಿನ ಬುಡ ಕಡಿಸಿದವನು ಒಬ್ಬ. ಮಣ್ಣಿನಡಿಯಲ್ಲಿ ಸಿಕ್ಕಿದವನು ಕೆಳಗಿನ ಲೈನ್‌ಮನೆಯಲ್ಲಿ ಮಲಗಿದ್ದ ಕೂಲಿಯವನು. ಅವನು ಯಾವ ತಪ್ಪಿಗೆ ದಂಡ ತೆತ್ತ? ಕೋಪವೆಂದರೂ ಶಿಕ್ಷೆಯೆಂದರೂ ನಾವು ಮನುಷ್ಯರ ನಡುವಿನ ಒಂದು ವ್ಯವಹಾರವನ್ನು ಮುಗಿಲಿಗೆ ವರ್ಗಾಯಿಸಿ ಸುಮ್ಮನಾಗುತ್ತೇವೆ.

ಇದನ್ನು ಹೇಳುವ ಅಧಿಕಾರ ನನಗಿದೆಯೆಂದು ಓದುಗರು ಭಾವಿಸಬಾರದು. ನನ್ನದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಮನೆಯ ಹಿಂದೆ ಕಾರು ನಿಲ್ಲಿಸಲು ಜಾಗ ಸಾಲದೆಂದು ಜೆಸಿಬಿ ತರಿಸಿ ಬರೆಯನ್ನು ಹತ್ತಡಿ ಕಡಿಸಿದೆ. ಅಲ್ಲೊಂದು ಸಣ್ಣ ತೋಡು ಇತ್ತು, ಬೇಸಗೆಯಲ್ಲಿ ಒಣಗಿರುತ್ತಿತ್ತು. ತೆಗೆದ ಮಣ್ಣು ಅದರೊಳಗೇ ಬಿತ್ತು, ಅಂಗಳ ವಿಶಾಲವಾಯಿತು. ನಮ್ಮ ಕೆಳಗಡೆ ತೋಟದ ಕೆಲಸದಿಂದ ಬಿಡುವು ಪಡೆದ ಒಬ್ಬ ಅಜ್ಜ ಇದ್ದಾನೆ. ಆತ ಬಂದು ನೋಡಿ, “ಮೇಷ್ಟ್ರೇ, ಈ ನೀರು ಇಷ್ಟು ದಿವಸ ಇಲ್ಲಿ ಹೋಗ್ತಿತ್ತು. ಇನ್ನು ಎಲ್ಲಿ ಹೋಗ್ತದೆ?” ಎಂದು ಕೇಳಿದ. “ಎಲ್ಲಾದರೂ ಹೋಗ್ತದೆ ಬಿಡು ಅಜ್ಜ” ಎಂದೆ. ಮುಂದಿನ ಆಷಾಢದಲ್ಲಿ ಅದು ಎಲ್ಲಿಗೆ ಹೋಯಿತೆಂದು ತಿಳಿಯಿತು. ಅಜ್ಜನ ಅಡಿಗೆಮನೆಯ ಹಿಂಗೋಡೆ ಬಿದ್ದಿತು. ರಾತ್ರಿಯಾದುದರಿಂದ ಒಲೆಯ ಬಳಿ ಯಾರೂ ಇರಲಿಲ್ಲ. ಅದು ನನ್ನ ಪುಣ್ಯವಲ್ಲ, ಅವರ ಪುಣ್ಯ.

ಅಜ್ಜನ ಪ್ರಶ್ನೆಯೇ ಈ ಲೇಖನದ ಪ್ರಶ್ನೆ. ಇಬ್ಬರು ನೆರೆಯವರ ನಡುವೆ ದಾರಿಯ ಹಕ್ಕೆಂಬುದುಂಟು. ತಲೆತಲಾಂತರದಿಂದ ನಡೆದುಬಂದ ಕಾಲುದಾರಿಗೆ ನಾನು ಬೇಲಿ ಹಾಕಿದರೆ ನೆರೆಯವನು ಕೋರ್ಟಿಗೆ ಹೋಗಬಹುದು. 1882ರ ಈಸ್‌ಮೆಂಟ್ ಕಾಯಿದೆ ಮದರಾಸು, ಮಧ್ಯಪ್ರಾಂತಗಳೊಡನೆ ಕೊಡಗಿಗೂ ಮೊದಲಿನಿಂದಲೇ ಅನ್ವಯಿಸಿತ್ತು. ಮೇಲಿನ ಜಮೀನಿನಲ್ಲಿ ಬಿದ್ದ ನೀರು ಸಹಜವಾಗಿ ಕೆಳಗಿನ ಜಮೀನಿಗೆ ಇಳಿಯಲು ಬಿಡಬೇಕೆಂಬುದನ್ನೂ ಅದು ಮೇಲಿನವನ ಹಕ್ಕಾಗಿ ಎಣಿಸುತ್ತದೆ. ಗಮನಿಸಬೇಕಾದುದು ಇದು: ಹಕ್ಕು ಜಮೀನಿನ ಒಡೆಯನದು, ನೀರಿನದಲ್ಲ. ನೀರು ವಕಾಲತ್ತು ಹಾಕುವುದಿಲ್ಲ. ನಾನು ನನ್ನದೇ ತೋಡನ್ನು ಮುಚ್ಚಿಕೊಂಡಾಗ ತಡೆಯುವವರು ಯಾರೂ ಇರಲಿಲ್ಲ. ಆದರೆ ಮುಚ್ಚಿದ ಮಾತ್ರಕ್ಕೆ ನೀರು ದಾರಿಯನ್ನು ಬಿಟ್ಟುಕೊಡುವುದಿಲ್ಲ. ಮಣ್ಣಿನೊಳಕ್ಕೆ ಇಳಿದು, ಕಣಕಣವನ್ನೂ ನೆನೆಸಿ, ಭಾರ ಮಾಡಿ, ಹಿಡಿತ ಸಡಿಲಿಸುತ್ತದೆ. ಬುಡದ ಆಸರೆಯನ್ನು ನಾವು ಮೊದಲೇ ಕಡಿದಿದ್ದರೆ ಗುಡ್ಡ ಇಳಿಯುತ್ತದೆ.

ಆನೆಯ ಕಥೆಯೂ ಇದೇ. ನಾಗರಹೊಳೆಯ ಕಾಡಿಗೂ ಬ್ರಹ್ಮಗಿರಿಯ ಕಾಡಿಗೂ ನಡುವೆ ಆನೆಗಳು ಓಡಾಡಿಕೊಂಡಿದ್ದ ಸೀಮೆಯಲ್ಲಿ ಈಗ ನಮ್ಮ ಕಾಫಿ ತೋಟಗಳಿವೆ. ಆನೆ ಬರುತ್ತದೆ, ಹಲಸಿನ ಹಣ್ಣು ತಿನ್ನುತ್ತದೆ, ಕೆರೆಗಿಳಿಯುತ್ತದೆ. ನಾವು ಕಂದಕ ತೋಡಿದೆವು, ಸೌರ ಬೇಲಿ ಹಾಕಿದೆವು, ರೈಲು ಕಂಬಿಗಳನ್ನು ನೆಟ್ಟೆವು. ಒಂದು ಕಡೆ ತಡೆದ ಆನೆ ಇನ್ನೊಬ್ಬನ ತೋಟಕ್ಕೆ ನುಗ್ಗುತ್ತದೆ. ಮುಚ್ಚಿದ ತೋಡಿನ ನೀರಿನಂತೆಯೇ. ಬೆಳಗಿನ ಮಂಜಿನಲ್ಲಿ ಬುತ್ತಿ ಹಿಡಿದು ಕೆಲಸಕ್ಕೆ ಹೊರಟ ಹೆಂಗಸು ಅದಕ್ಕೆ ಎದುರಾಗುತ್ತಾಳೆ. ಇಲ್ಲಿಯೂ ದಾರಿ ಕಟ್ಟಿದವನು ಬೇರೆ, ಬೆಲೆ ತೆತ್ತವಳು ಬೇರೆ.

ಇದಕ್ಕೆ ಎದುರುವಾದವಿಲ್ಲವೆ? ಇದೆ, ಬಲವಾದುದೇ ಇದೆ. ಮನುಷ್ಯ ಎಲ್ಲಿಯೂ ಮಣ್ಣು ಮುಟ್ಟದೆ ಬದುಕಲಾರ. ಇಳಿಜಾರನ್ನು ಸಮ ಮಾಡದೆ ಕೊಡಗಿನಲ್ಲಿ ಮನೆಯಿಲ್ಲ, ಗದ್ದೆಯಿಲ್ಲ. ಅಲ್ಲದೆ ಮನುಷ್ಯನ ಕೈ ಸೋಂಕದ ಇಳಿಜಾರುಗಳೂ ಜರಿಯುವುದುಂಟು. ಆ ಪ್ರಮಾಣದ ಮಳೆಗೆ ಕಾಡೂ ಒಮ್ಮೊಮ್ಮೆ ಸೋಲುತ್ತದೆ. ಎಲ್ಲವೂ ನಮ್ಮ ತಪ್ಪೆಂದು ಎದೆ ಬಡಿದುಕೊಳ್ಳುವುದು ಇನ್ನೊಂದು ಬಗೆಯ ಅಹಂಕಾರ. ನಾನು ಕೇಳುವುದು ಇಷ್ಟೇ: ಮುಟ್ಟುವ ಮೊದಲು, ಇಲ್ಲಿ ಯಾರ ದಾರಿಯಿತ್ತು ಎಂದು ವಿಚಾರಿಸುವುದು ನಮ್ಮ ಧರ್ಮವಲ್ಲವೆ? ಕೋರ್ಟಿಗೆ ಹೋಗಲಾರದವನಿಗೆ ಹಕ್ಕೇ ಇಲ್ಲವೆನ್ನುವುದಾದರೆ ಹಸುಗೂಸಿಗೂ ಹಕ್ಕಿಲ್ಲವೆನ್ನಬೇಕಾಗುತ್ತದೆ. ನ್ಯೂಜಿಲೆಂಡಿನಲ್ಲಿ 2017ರಲ್ಲಿ ವಾಂಗನೂಯಿ ಎಂಬ ನದಿಯನ್ನು ಕಾನೂನಿನ ಕಣ್ಣಿಗೆ ಒಬ್ಬ ವ್ಯಕ್ತಿಯೆಂದು ಒಪ್ಪಿ, ಅದರ ಪರವಾಗಿ ಮಾತನಾಡುವವರನ್ನು ನೇಮಿಸುವ ಏರ್ಪಾಡು ಮಾಡಿದರು.

ನಮಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕೊಡಗಿನಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಯ್ಯಪ್ಪನದೋ ಭಗವತಿಯದೋ ಎಂದು ಬಿಟ್ಟ ಆ ತುಂಡು ಕಾಡುಗಳಲ್ಲಿ ಕೊಡಲಿ ಹಾಕಬಾರದೆಂಬುದು ಹಿರಿಯರ ಕಟ್ಟಳೆ. ಅದರಿಂದ ಒರತೆ ಉಳಿಯುತ್ತದೆ, ಅತ್ತಿಯ ಹಣ್ಣಿಗೆ ಮಂಗಟ್ಟೆ ಹಕ್ಕಿ ಬರುತ್ತದೆ ಎಂಬ ಲೆಕ್ಕ ಹಾಕಿ ಅವರು ಬಿಟ್ಟರೋ ಇಲ್ಲವೋ, ಇದು ನಮ್ಮದಲ್ಲ ಎಂದಂತೂ ಬಿಟ್ಟರು. ಗದ್ದೆಯ ಜೊತೆಗೆ ಸೊಪ್ಪು ಸೌದೆಗೆಂದು ಬಾಣೆ ಕೊಟ್ಟ ವ್ಯವಸ್ಥೆಯಲ್ಲಿಯೂ ಮೇಲಿನ ಮರಕ್ಕೂ ಕೆಳಗಿನ ಪೈರಿಗೂ ಸಂಬಂಧವುಂಟೆಂಬ ತಿಳಿವಿತ್ತು. ಬಾಣೆ ಕಾಫಿ ತೋಟವಾಯಿತು. ಹಲವೆಡೆ ಕಾಡುಮರದ ನೆರಳು ಹೋಗಿ ಸಿಲ್ವರ್ ಓಕ್ ಬಂತು. ಮಳೆನೀರನ್ನು ಹಿಡಿದು ನಿಲ್ಲಿಸುತ್ತಿದ್ದ ಗದ್ದೆಗಳು ಕೆಲವು ನಿವೇಶನಗಳಾದುವು. ದೇವರಕಾಡುಗಳ ಅಂಚೂ ಸವೆದಿದೆ. ಭಯದಿಂದ ಉಳಿದಿದ್ದುದು ಭಯ ಹೋದೊಡನೆ ಹೋಯಿತೆಂದರೆ, ಅದಕ್ಕೆ ದೇವರನ್ನು ದೂರಿ ಫಲವೇನು? ಭಯವಿದ್ದ ಎಡೆಯಲ್ಲಿ ವಿವೇಕವನ್ನು ತಂದು ನಿಲ್ಲಿಸುವ ಕೆಲಸ ನಮ್ಮದಾಗಿತ್ತು. ಅದನ್ನು ಓದಿದವರಾದ ನಾವು ಮಾಡಲಿಲ್ಲ.

ನೀರಿನ ದಾರಿ ನಮ್ಮ ಬೇಲಿಯ ಬಳಿ ಮುಗಿಯುವುದೂ ಇಲ್ಲ. ಪೂರ್ವಕ್ಕೆ ಬಿದ್ದ ಹನಿ ಕಾವೇರಿಯಾಗಿ ಕನ್ನಂಬಾಡಿ ಸೇರುತ್ತದೆ. ಪಶ್ಚಿಮದ ಪಯಸ್ವಿನಿ ಸುಳ್ಯವನ್ನು ಹಾದು, ಕಾಸರಗೋಡಿನಲ್ಲಿ ಚಂದ್ರಗಿರಿಯೆನಿಸಿ ಕಡಲಿಗೆ ಕೂಡುತ್ತದೆ. ಬೆಟ್ಟದ ಮೇಲೆ ನಾವು ಸಡಿಲಿಸಿದ ಮಣ್ಣು ಕರಾವಳಿಯ ನೆಂಟರ ಬಾಗಿಲಿಗೆ ಹೋಗುತ್ತದೆ. ಮೇಲೆ ಇರುವವನಿಗೆ ಹೊಣೆಯೂ ಹೆಚ್ಚು.

ಅಜ್ಜನ ಗೋಡೆಯನ್ನು ಕಟ್ಟಿಸಿಕೊಟ್ಟೆ. ತೋಡಿನ ಮಣ್ಣನ್ನೂ ತೆಗೆಸಿದೆ. ಕಾರು ಈಗ ರಸ್ತೆಯ ಬದಿಯಲ್ಲಿ ನಿಲ್ಲುತ್ತದೆ. ಕಡಿದ ಬರೆಯನ್ನು ಮಾತ್ರ ಮತ್ತೆ ಕೂಡಿಸಲಾಗಲಿಲ್ಲ. ಅಲ್ಲಿ ಲಾವಂಚ ನೆಟ್ಟಿದ್ದೇನೆ. ಜೋರು ಮಳೆಯ ರಾತ್ರಿ ಎಚ್ಚರವಾದರೆ ಟಾರ್ಚು ಹಿಡಿದು ಹಿಂದಿನ ಬಾಗಿಲಿಗೆ ಹೋಗಿ, ತೋಡಿನಲ್ಲಿ ನೀರು ಹರಿಯುತ್ತಿದೆಯೆ ಎಂದು ನೋಡಿ ಬರುತ್ತೇನೆ. ಕೆಳಗೆ ಅಜ್ಜನ ಮನೆಯ ದೀಪವೂ ಉರಿಯುತ್ತಿರುತ್ತದೆ. ಆತನಿಗೂ ನಿದ್ದೆ ಇಲ್ಲ. ಆ ನಿದ್ದೆಯನ್ನು ಕೆಡಿಸಿದುದು ಪ್ರಕೃತಿಯಲ್ಲವೆಂದು ನಮ್ಮಿಬ್ಬರಿಗೂ ಗೊತ್ತು.