ಆದದ್ದಕ್ಕೂ ಆಗುವುದಕ್ಕೂ ನಡುವೆ

ಸೂಜಿ ಚುಚ್ಚಿದರೆ ಬೆರಳು ತಾನಾಗಿ ಬಾಯಿಗೆ ಹೋಗುತ್ತದೆ. ಆಸ್ಪತ್ರೆಯ ನರ್ಸ್‌ಗಳಿಗೆ, ಅಲ್ಲಿನ ಕಸ ತೆಗೆಯುವವರಿಗೆ ಮೊದಲು ಬಿಡಿಸಬೇಕಾದದ್ದು ಈ ಅಭ್ಯಾಸವನ್ನೇ. ಚೀಪಬಾರದು, ಹಿಂಡಬಾರದು, ಸೋಪು ಹಚ್ಚಿ ಹರಿಯುವ ನೀರಿಗೆ ಹಿಡಿಯಬೇಕು, ಕೂಡಲೇ ಡಾಕ್ಟರಿಗೆ ಹೇಳಬೇಕು. ಎಚ್‌ಐವಿ ತಗುಲಿರಬಹುದೆಂಬ ಶಂಕೆಯಿದ್ದರೆ 72 ಗಂಟೆಯೊಳಗೆ ಮಾತ್ರೆ ಶುರುವಾಗಬೇಕು, ಎರಡು ಗಂಟೆಯೊಳಗಾದರೆ ಇನ್ನೂ ಒಳ್ಳೆಯದು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರವಿರ್ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದರಂತೆ 28 ದಿನ. ಪೆಪ್ ಎನ್ನುತ್ತಾರೆ. ಅತ್ಯಾಚಾರಕ್ಕೊಳಗಾದವಳಿಗೂ ಇದೇ, ಕಾಂಡೋಮ್ ಹರಿದವನಿಗೂ ಇದೇ.

ಒಳಹೊಕ್ಕ ವೈರಾಣು ದುಗ್ಧಗ್ರಂಥಿಗಳನ್ನು ಸೇರಿ, ಬಿಳಿ ರಕ್ತಕಣಗಳ ವಂಶವಾಹಿಯೊಳಗೆ ಬೇರೂರಲು ಎರಡು ಮೂರು ದಿನ ಹಿಡಿಯುತ್ತದೆ. ಬೇರೂರಿದ ಮೇಲೆ ಜೀವನಪೂರ್ತಿ ಮಾತ್ರೆ ನುಂಗಿ ಅದನ್ನು ಅದುಮಿಡಬಹುದು, ಕಿತ್ತೊಗೆಯಲಾಗದು.

ಮಾಡಿದ್ದುಣ್ಣೋ ಮಹಾರಾಯ ಎಂದು ನಂಬಿ ಬೆಳೆದವರು ನಾವು. ಆದರೆ ಇಲ್ಲಿ ಆಗಬಾರದ್ದು ಆಗಿದೆ, ಅದರ ಫಲ ಇನ್ನೂ ಆಗಿಲ್ಲ. ನಡುವೆ ಮೂರು ದಿನದ ಬಿಡುವು. ಆ ಬಿಡುವಿನಲ್ಲಿ ಕೈಗೆ ಬರುವ ಮಾತ್ರೆ, ತಪ್ಪು ಮಾಡಿದವನೋ ತಪ್ಪಿಗೆ ತುತ್ತಾದವಳೋ ಎಂದು ಕೇಳುವುದಿಲ್ಲ. ಕೇಳುವವರು ನಾವು. ಕರ್ಮಕ್ಕಿಂತ ಹೆಚ್ಚು ಕಟುವಾಗಿ ಕೇಳುತ್ತೇವೆ ಎಂದೇ ನನಗನ್ನಿಸುತ್ತದೆ.

ಪೆಪ್ ಬೇಡುವುದು ಒಂದೇ: ಬಾಯಿಬಿಟ್ಟು ಹೇಳುವುದು. ಯಳಂದೂರಿನಂಥ ಪುಟ್ಟ ತಾಲ್ಲೂಕಿನಲ್ಲಿ ಆಸ್ಪತ್ರೆಯ ಚೀಟಿ ಸಾಲಿನಲ್ಲಿ ನಿಂತರೆ ಹಿಂದೆ ಸೋದರತ್ತೆ, ಮುಂದೆ ಪಕ್ಕದ ಬೀದಿಯವನು. ಹನೂರು ದಾಟಿ ರಾಮಾಪುರ, ಹೂಗ್ಯದ ಕಡೆಯವರಿಗೆ ಬಸ್ಸಿನಲ್ಲೇ 'ಏನ್ ಆಸ್ಪತ್ರೆ ಕಡೆಗೆ?' ಎಂಬ ಪ್ರಶ್ನೆ ಎದುರಾಗುತ್ತದೆ. ಕೊಳ್ಳೇಗಾಲವೆಂದರೆ ಹೊರಗಿನವರಿಗೆ ಮಾಟ ತೆಗೆಸುವ ಊರು. ಕಣ್ಣಿಗೆ ಕಾಣದ್ದೇನೋ ಮೈ ಹೊಕ್ಕಿದೆ ಎಂಬ ಹೆದರಿಕೆ ಹೊತ್ತು, ಮನೆಯವರಿಗೂ ತಿಳಿಸದೆ, ಎಲ್ಲೆಲ್ಲಿಂದಲೋ ಇಲ್ಲಿಗೆ ಬರುತ್ತಾರೆ. ಇಲ್ಲಿಯವರೋ ಅಂಥದೇ ಹೆದರಿಕೆ ಹೊತ್ತು ಮೈಸೂರಿನ ಬಸ್ಸು ಹತ್ತುತ್ತಾರೆ. ನಾಚಿಕೆಗೆ ಗುರುತಿಲ್ಲದ ಊರು ಬೇಕು, ಆ ಊರು ಮುಟ್ಟುವ ಧೈರ್ಯಕ್ಕೆ ದಿನಗಳು ಬೇಕು. ಶನಿವಾರ ರಾತ್ರಿ ಆದದ್ದಕ್ಕೆ ಭಾನುವಾರ ಹೇಗೂ ರಜೆ ಎಂದು ಸುಮ್ಮನಿದ್ದು, ಸೋಮವಾರ ಅಮಾವಾಸ್ಯೆಯೂ ಕಳೆಯಲಿ ಎಂದುಕೊಂಡರೆ ಬಿಡುವು ಬಹುಪಾಲು ಅಲ್ಲಿಗೆ ಮುಗಿಯುತ್ತದೆ.

2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಕಾಯ್ದೆ, ಒಪ್ಪಿಗೆಯಿಲ್ಲದೆ ಯಾರ ಸ್ಥಿತಿಯನ್ನೂ ಬಯಲು ಮಾಡಬಾರದೆನ್ನುತ್ತದೆ. ಕಾನೂನು ಕಾಗದವನ್ನು ಕಾಯಬಲ್ಲದು. ಹಜಾರದ ಬೆಂಚಿನಲ್ಲಿ ಕೂತವರ ಕಣ್ಣನ್ನು? ಹೆಸರು ಹೇಳದೆ ಕೇಳಲು 1097 ಸಹಾಯವಾಣಿ ಇದೆ. ಹಾಗೆಯೇ, ತುರ್ತು ಚಿಕಿತ್ಸಾ ವಿಭಾಗಕ್ಕೆ ಭಾನುವಾರವೆಂಬುದಿಲ್ಲ.

ಇನ್ನೊಂದು ವಿಚಿತ್ರವಿದೆ. ಎಚ್‌ಐವಿ ರಕ್ತವಿದ್ದ ಸೂಜಿ ಚುಚ್ಚಿಸಿಕೊಂಡ ಸಾವಿರ ಮಂದಿಯಲ್ಲಿ ಸೋಂಕು ತಗಲುವುದು ಸುಮಾರು ಮೂವರಿಗೆ. 1997ರಲ್ಲಿ ಪ್ರಕಟವಾದ, ಆಸ್ಪತ್ರೆ ಸಿಬ್ಬಂದಿಯ ಕುರಿತ ಅಧ್ಯಯನವೊಂದರಲ್ಲಿ, ಆಗಿನ ಹಳೆಯ ಔಷಧಿ ಜಿಡೊವುಡಿನ್ ಒಂದೇ ಆ ಅಪಾಯವನ್ನು ಶೇ. 81ರಷ್ಟು ತಗ್ಗಿಸಿದ್ದು ಕಂಡುಬಂತು. ಆದರೆ 28 ಮಾತ್ರೆ ನುಂಗಿ, ಮೂರು ತಿಂಗಳ ಮೇಲಿನ ಪರೀಕ್ಷೆಯಲ್ಲೂ ಸೋಂಕಿಲ್ಲವೆಂದು ಬರೆಸಿಕೊಂಡು ಹೊರಬಂದ ಒಬ್ಬರಿಗೆ, ತನ್ನನ್ನು ಉಳಿಸಿದ್ದು ಮಾತ್ರೆಯೋ, ಮೊದಲಿಗೇ ಏನೂ ತಗಲಿರಲಿಲ್ಲವೋ ಎಂಬುದು ಎಂದೂ ತಿಳಿಯದು. ಹರಕೆ ಹೊತ್ತವರು ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬರುತ್ತಾರೆ. ಕೊಡಲಿ. ಮಾತ್ರೆಗೂ ಒಂದು ಪಾಲು ಸಲ್ಲಿಸಿದರೆ ಮಾದಪ್ಪನೇನೂ ಬೇಜಾರು ಮಾಡಿಕೊಳ್ಳಲಾರ.